ಅರ್ಜಿಯಕ್ಕ ದೇಶ ಬಿಟ್ಟ ಹತ್ತೊಂಬತ್ತು ದಿನ

ಅರ್ಜಿಯಕ್ಕನ ಚೀಲದಲ್ಲಿ ಯಾವಾಗಲೂ ಆರಿಂಚಿನ ಒಂದು ಸ್ಟೀಲ್ ಸ್ಕೇಲ್ ಇರುತ್ತಿತ್ತು. ಎರಡು ಕಪ್ಪು ಪೆನ್ನು, ಗೋಂದಿನ ಡಬ್ಬಿ, ಯಾರ್ಯಾರದೋ ಪಾಸ್‌ಪೋರ್ಟ್ ಫೋಟೋ ತುಂಬಿದ ಕವರು, ಕರವಸ್ತ್ರದಲ್ಲಿ ಸುತ್ತಿದ ಎರಡು ಹೋಳು ಬ್ರೆಡ್ಡು, ಇವುಗಳ ಜೊತೆಗೆ ಆ ಸ್ಕೇಲು. ಅದು ಅಳೆಯುವುದಕ್ಕಲ್ಲ. ಅರ್ಜಿಯಲ್ಲಿ ಖಾಲಿ ಉಳಿದ ಸಾಲುಗಳ ಮೇಲೆ ಅಡ್ಡಗೆರೆ ಎಳೆಯುವುದಕ್ಕೆ.

"ಖಾಲಿ ಬಿಡಬಾರದು ಕಣೇ. ನಾವು ಬಿಟ್ಟ ಜಾಗದಲ್ಲಿ ಇನ್ಯಾರೋ ಇನ್ನೇನೋ ಬರೀತಾರೆ. ಗೆರೆ ಎಳೆದುಬಿಟ್ರೆ ಮುಗೀತು," ಎನ್ನುತ್ತಿದ್ದಳು. ಕೈಯಲ್ಲಿ ಎಳೆದ ಗೆರೆ ಸೊಟ್ಟಗಾದರೆ ಕೌಂಟರಿನವರಿಗೆ ನಮ್ಮ ಮೇಲಿರುವ ಅಷ್ಟಿಷ್ಟು ಮರ್ಯಾದೆಯೂ ಹೋಗುತ್ತದೆ ಎಂದು ಅವಳ ನಂಬಿಕೆ. ಅವರಿಗೆ ನಮ್ಮ ಮೇಲೆ ಮರ್ಯಾದೆ ಇದೆ ಎಂದು ಅವಳಿಗೆ ಯಾರು ಹೇಳಿದ್ದರೋ ನನಗೆ ಗೊತ್ತಿಲ್ಲ.

ಹೊಟ್ಟೆಪಾಡಿಗೆ ಅವಳು ಹೋಟೆಲುಗಳ ಬೆಡ್‌ಶೀಟು ಒಗೆದು ಇಸ್ತ್ರಿ ಮಾಡುವ ಲಾಂಡ್ರಿಯಲ್ಲಿದ್ದಳು. ನಾನೂ ಅಲ್ಲೇ. ಅರ್ಜಿ ತುಂಬುವುದು ಅವಳ ಕೆಲಸವಲ್ಲ, ಚಟ. ನಮ್ಮ ಭಾಷೆ ಮಾತಾಡುವ ಯಾರೇ ಹೊಸದಾಗಿ ಈ ಊರಿಗೆ ಬಂದಿಳಿಯಲಿ, ಪೆಟ್ಟಿಗೆ ಕೆಳಗಿಡುವ ಮೊದಲೇ "ನೋಂದಣಿ ಆಯ್ತಾ? ಟ್ಯಾಕ್ಸ್ ನಂಬರ್ ಬಂತಾ?" ಎಂದು ಕೇಳುತ್ತಿದ್ದಳು. ಆಗಿಲ್ಲ ಎಂದರೆ ಮುಗಿಯಿತು, ತನ್ನ ವಾರದ ರಜೆಯ ದಿನ ಅವರನ್ನು ಕೈಹಿಡಿದು ಕಚೇರಿಗೆ ಕರೆದುಕೊಂಡು ಹೋಗುವವಳೇ. ಅರ್ಜಿಯಕ್ಕ ಎಂದು ಹೆಸರಿಟ್ಟವಳು ನಮ್ಮ ಜೊತೆ ಒಂದೇ ಮನೆಯಲ್ಲಿದ್ದ ಬ್ಯೂಟಿ ಪಾರ್ಲರ್‌ನವಳು. ಇಟ್ಟದ್ದು ಗೇಲಿಗೆ, ಉಳಿದದ್ದು ಪ್ರೀತಿಗೆ.

ಈ ದೇಶದ ಕಾಗದದ ಆಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಕೆಲಸಕ್ಕೆ ಸೇರಬೇಕಾದರೆ ತೆರಿಗೆ ನಂಬರ್ ಬೇಕು. ತೆರಿಗೆ ನಂಬರ್ ಬೇಕಾದರೆ ನೀವು ಇಂಥ ಮನೆಯಲ್ಲಿ ವಾಸವಾಗಿದ್ದೀರಿ ಎಂದು ನೋಂದಣಿ ಕಚೇರಿಯ ಪುಸ್ತಕದಲ್ಲಿ ಹೆಸರು ಹತ್ತಬೇಕು. ಹೆಸರು ಹತ್ತಬೇಕಾದರೆ ಮನೆ ಮಾಲೀಕ ಸಹಿ ಹಾಕಿದ ಕಾಗದ ಬೇಕು. ಮಾಲೀಕನೋ, ಕೆಲಸ ಇದೆಯಾ ತೋರಿಸು ಅನ್ನುತ್ತಾನೆ. ಒಂದರ ಬಾಲ ಇನ್ನೊಂದರ ಬಾಯಲ್ಲಿ. ಇದನ್ನು ಮಾಡಿದವನು ಮನೆಯಲ್ಲಿ ಹೆಂಡತಿಯ ಜೊತೆ ಜಗಳವಾಡಿ ಬಂದು ಕೂತು ಮಾಡಿರಬೇಕು. ಇದೆಲ್ಲ ದಾಟಿ ಅರ್ಜಿ ಕೊಟ್ಟ ಮೇಲೆ ಹತ್ತು ಹನ್ನೆರಡು ದಿನಕ್ಕೆ ನಂಬರ್ ಅಂಚೆಯಲ್ಲಿ ಬರುತ್ತದೆ. ಮನೆ ಕೆಳಗಿನ ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿನ ಚೀಟಿ ಇಲ್ಲದಿದ್ದರೆ ಅಂಚೆಯವನು ಅದನ್ನು ವಾಪಸ್ ಒಯ್ಯುತ್ತಾನೆ.

ನಮ್ಮ ಮನೆ ಮೂರನೇ ಮಹಡಿಯಲ್ಲಿ ಎರಡು ರೂಮು. ಎರಡು ರೂಮಿಗೆ ಐದೇ ಜನ ಎಂದು ನಗರಸಭೆಯ ಲೆಕ್ಕ. ಅಂಚೆಪೆಟ್ಟಿಗೆಯ ಮೇಲೂ ಐದೇ ಚೀಟಿಗೆ ಜಾಗ. ಮಾಲೀಕ ಕೆಳಗಿನ ಮನೆಯವನು, ಮುದುಕ, ಯಾವಾಗಲೂ ಒಂದೇ ಉಣ್ಣೆಯ ಅಂಗಿ. ಮೇಲೆ ಎಷ್ಟು ಜನ ಮಲಗುತ್ತಾರೆ ಎಂದು ಅವನು ನೋಡಲು ಬರುತ್ತಿರಲಿಲ್ಲ, ಆದರೆ ಆರನೇ ಹೆಸರಿಗೆ ಸಹಿ ಮಾತ್ರ ಸುತರಾಂ ಹಾಕುತ್ತಿರಲಿಲ್ಲ. ಆ ಐದು ಚೀಟಿಗಳಲ್ಲಿ ಮೊದಲನೆಯದು ಅರ್ಜಿಯಕ್ಕನದು. ಆಮೇಲೆ ಪಾರ್ಲರ್‌ನವಳು, ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಒಬ್ಬಳು, ಮತ್ತೆ ಬಿಸ್ಕತ್ತಿನ ಕಾರ್ಖಾನೆಗೆ ಹೋಗುತ್ತಿದ್ದ ಅತ್ತಿಗೆ ನಾದಿನಿ. ಆ ಅತ್ತಿಗೆ ನಾದಿನಿ ಒಂದೇ ಮಂಚದಲ್ಲಿ ಬೆನ್ನಿಗೆ ಬೆನ್ನು ಹಾಕಿ ಮಲಗುತ್ತಿದ್ದರು. ಊರಲ್ಲಿ ಶುರುವಾದ ಜಗಳವನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಬಂದಿದ್ದರು.

ಈ ಐದರ ಕಟ್ಟುಪಾಡಿಗೆ ಅರ್ಜಿಯಕ್ಕ ಒಂದು ಉಪಾಯ ಕಂಡುಹಿಡಿದಿದ್ದಳು. ಹೊಸಬಳು ಬಂದರೆ ಹಳಬರಲ್ಲಿ ಒಬ್ಬಳು ಪುಸ್ತಕದಿಂದ ಇಳಿಯುವುದು. ಅಂದರೆ ಕಚೇರಿಗೆ ಹೋಗಿ, ನಾನು ಈ ಮನೆ ಬಿಟ್ಟೆ ಎಂದು ಬರೆದುಕೊಡುವುದು. ಇಳಿದವಳಿಗೆ ಅದಾಗಲೇ ನಂಬರ್ ಇರುತ್ತದೆ, ಕೆಲಸ ಇರುತ್ತದೆ, ಅವಳಿಗೇನೂ ತೊಂದರೆಯಿಲ್ಲ. ಖಾಲಿಯಾದ ಜಾಗಕ್ಕೆ ಹೊಸಬಳು ಹತ್ತುತ್ತಾಳೆ. ಅವಳ ನಂಬರ್ ಬಂದ ಮೇಲೆ ಅವಳು ಬೇರೆ ಎಲ್ಲಾದರೂ ರೂಮು ನೋಡಿಕೊಂಡು ಹೋಗುತ್ತಾಳೆ, ಇಲ್ಲವೇ ಹಳಬರಲ್ಲೇ ಯಾರಾದರೂ ಮನೆ ಬಿಡುತ್ತಾರೆ, ಇಳಿದವಳು ಮತ್ತೆ ಹತ್ತುತ್ತಾಳೆ. "ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕಿ ಕೆಳಗಿಳಿದು ಟೀ ಕುಡಿದು ಬಂದ ಹಾಗೆ," ಎಂದು ಅವಳು ವಿವರಿಸುತ್ತಿದ್ದಳು. ಟವೆಲ್ ಬಿದ್ದ ಸೀಟಿನಲ್ಲಿ ಯಾರೂ ಕೂರುವುದಿಲ್ಲ ಎಂಬುದು ನಮ್ಮ ಊರಿನ ಬಸ್ಸಿನ ನ್ಯಾಯ. ಅದನ್ನೇ ಅವಳು ಇಲ್ಲಿಗೂ ತಂದಿದ್ದಳು.

ಇಳಿಯುವ ಅರ್ಜಿಯಲ್ಲಿ ಎರಡು ಚೌಕ ಇರುತ್ತಿದ್ದವು. ಈ ದೇಶದಲ್ಲೇ ಬೇರೆ ಮನೆಗೆ ಹೋಗುತ್ತಿದ್ದೇನೆ ಎಂಬುದು ಒಂದು. ಅದಕ್ಕೆ ಗುರುತು ಹಾಕಿದರೆ ಹೊಸ ಮನೆಯ ವಿಳಾಸ ಬೇಕು, ಆ ಮಾಲೀಕನ ಸಹಿ ಬೇಕು. ಎರಡನೆಯದು, ದೇಶ ಬಿಟ್ಟು ಹೋಗುತ್ತಿದ್ದೇನೆ ಎಂಬುದು. ಅದಕ್ಕೆ ಗುರುತು ಹಾಕಿದರೆ ಯಾರೂ ಏನೂ ಕೇಳುವುದಿಲ್ಲ. ನೀವು ಹೋಗುತ್ತೀರಿ ಎಂದರೆ ಇವರಿಗೆ ಪ್ರಶ್ನೆಯೇ ಇರುವುದಿಲ್ಲ. ನಮ್ಮ ಮನೆಯವರೆಲ್ಲ ಆ ಎರಡನೇ ಚೌಕಕ್ಕೇ ಗುರುತು ಹಾಕಿ, ಖಾಲಿ ಸಾಲುಗಳಿಗೆ ಸ್ಕೇಲಿಟ್ಟು ಗೆರೆ ಎಳೆದು, ಸೀಲು ಹಾಕಿಸಿಕೊಂಡು, ಮಧ್ಯಾಹ್ನದ ಪಾಳಿಗೆ ಕೆಲಸಕ್ಕೆ ಹೋಗುತ್ತಿದ್ದರು.

ಅರ್ಜಿಯಕ್ಕನಿಗೆ ಊರಲ್ಲಿ ಒಬ್ಬಳು ಮಗಳು. ಗಂಡ ಅನ್ನಿಸಿಕೊಂಡವನು ತೀರಿಹೋದ ಮೇಲೆ ಹುಡುಗಿಯನ್ನು ಅವಳ ಸೋದರತ್ತೆಯ ಮನೆಯಲ್ಲಿ ಬಿಟ್ಟು ಇವಳು ಇಲ್ಲಿಗೆ ಬಂದಿದ್ದಳು. ಆ ಸೋದರತ್ತೆಯ ಮನೆಯಲ್ಲಿ ಹುಡುಗಿ ಏನು ಮಾಡುತ್ತಿದ್ದಳು ಎಂಬುದು ಭಾನುವಾರದ ಫೋನಿನಲ್ಲಿ ಅರ್ಧಂಬರ್ಧ ಗೊತ್ತಾಗುತ್ತಿತ್ತು. ಮಾತಿನ ಮಧ್ಯೆ ಪಾತ್ರೆಯ ಸದ್ದು. ಮಾತಿನ ಮಧ್ಯೆ "ಬಂದೆ ಅತ್ತೆ." ಕಾಲೇಜಿಗೆ ಹೋಗಿದ್ದೆಯಾ ಎಂದರೆ "ಹ್ಞೂಂ," ಆ ಹ್ಞೂಂನಲ್ಲಿ ಜೀವ ಇರುತ್ತಿರಲಿಲ್ಲ. ಹದಿನೆಂಟು ತುಂಬಲಿ, ಗಂಡು ಗೊತ್ತಾಗಿದೆ ಎಂದು ಅತ್ತೆ ಆಗಲೇ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಗಂಡು ಅವಳ ಗಂಡನ ಕಡೆಯ ಸಂಬಂಧ, ಮೊದಲ ಹೆಂಡತಿ ಬಿಟ್ಟುಹೋದವನು.

ಈ ದೇಶದಲ್ಲಿ ಐದು ವರ್ಷ ವಾಸ ಆದವರಿಗೆ ಕಾಯಂ ಕಾರ್ಡು ಸಿಗುತ್ತದೆ. ಆ ಕಾರ್ಡಿನ ಅರ್ಜಿಯಲ್ಲೇ ಹದಿನೆಂಟು ತುಂಬದ ಮಕ್ಕಳ ಹೆಸರು ಬರೆದರೆ ಅವರನ್ನು ಕರೆಸಿಕೊಳ್ಳಬಹುದು. ಅರ್ಜಿಯಕ್ಕನಿಗೆ ಐದು ವರ್ಷ ತುಂಬುವಾಗ ಮಗಳಿಗೆ ಹದಿನೇಳೂವರೆ. ಅವಳ ಇಡೀ ಬದುಕು ಆ ಆರು ತಿಂಗಳ ಅಂತರದಲ್ಲಿ ನಿಂತಿತ್ತು. ಬೀರುವಿನ ಬಾಗಿಲ ಒಳಗಡೆ ಕ್ಯಾಲೆಂಡರು ಅಂಟಿಸಿಕೊಂಡು ತಿಂಗಳು ಮುಗಿದಂತೆ ಅದಕ್ಕೂ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದಳು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಊರಿಗೆ ಹೋಗಿರಲಿಲ್ಲ. ಹೋದರೆ ಎಲ್ಲಿ ಲೆಕ್ಕ ತಪ್ಪುತ್ತದೋ ಎಂದು ಹೆದರಿಕೆ.

ಇಂಥ ಮನೆಗೆ ನಾನು ಬಂದು ಬಿದ್ದೆ. ಆಗ ಅವಳಿಗೆ ಇನ್ನು ಹತ್ತು ತಿಂಗಳು ಉಳಿದಿತ್ತು.

ಲಾಂಡ್ರಿಯಲ್ಲಿ ನನ್ನನ್ನು ತೆಗೆದುಕೊಂಡ ಮೇಸ್ತ್ರಿ ಮೊದಲ ದಿನವೇ ಹೇಳಿದ. "ತಿಂಗಳ ಕೊನೆಯೊಳಗೆ ಟ್ಯಾಕ್ಸ್ ನಂಬರ್. ಇಲ್ಲಾಂದ್ರೆ ಬರಬೇಡ." ನನ್ನ ವೀಸಾ ಆ ಕೆಲಸದ ಮೇಲೆಯೇ ನಿಂತಿತ್ತು. ಕೆಲಸ ಹೋದರೆ ವೀಸಾ, ವೀಸಾ ಹೋದರೆ ನಾನು. ಆ ಸಂಜೆ ಅಡುಗೆಮನೆಯಲ್ಲಿ ಪಂಚಾಯಿತಿ ಕೂತಿತು. ಇಳಿಯುವವರು ಯಾರು?

ಆಯಾ ಮೊದಲೇ ಕೈ ಎತ್ತಿದಳು. "ನಂಗಾಗಲ್ಲಪ್ಪ. ಆಸ್ಪತ್ರೆಯವರು ಈ ತಿಂಗಳು ವಿಳಾಸ ತನಿಖೆ ಮಾಡ್ತಿದ್ದಾರೆ."

ಅತ್ತಿಗೆ ನಾದಿನಿಯ ಮುಖ ನೋಡಿದಳು, ನಾದಿನಿ ಗೋಡೆ ನೋಡಿದಳು. "ಅವಳು ಇಳಿದ್ರೆ ನಾನು ಇಳೀತೀನಿ," ಎಂದಳು ಅತ್ತಿಗೆ. "ನಾನ್ಯಾಕೆ ಇಳೀಲಿ," ಎಂದಳು ನಾದಿನಿ. ಅಲ್ಲಿಗೆ ಅದು ಬರಕತ್ತಾಗಲಿಲ್ಲ.

ಉಳಿದವಳು ಪಾರ್ಲರ್‌ನವಳು. ಅವಳು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತ ಕೂತಿದ್ದಳು. ತಲೆ ಎತ್ತದೆ ಹೇಳಿದಳು. "ಅತ್ತಿಗೆ ಬಂದಾಗ ನಾನು ಇಳಿದೆ. ಆಯಾ ಬಂದಾಗಲೂ ನಾನೇ ಇಳಿದೆ. ಎಲ್ಲರನ್ನೂ ಇಳಿಸಿದ್ದೀಯ ಅಕ್ಕಾ, ಹತ್ತಿಸಿದ್ದೀಯ. ನೀನು ಒಂದ್ಸಲನಾದ್ರೂ ಇಳಿದಿದ್ದೀಯಾ?"

ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಅರ್ಜಿಯಕ್ಕನ ಮುಖ ಕೆಂಪಾಯಿತು. ಅದು ಕೋಪವಲ್ಲ, ನಾಚಿಕೆ. ಯಾರ ಬಾಯಿಂದಲೂ ಒಂದು ಮಾತು ಕೇಳಿಸಿಕೊಳ್ಳದೆ ಬದುಕಿದವಳಿಗೆ ಇಷ್ಟು ಸಾಕಾಗಿತ್ತು.

"ಸರಿ. ಈ ಸಲ ನಾನು," ಎಂದಳು.

ನಾನು ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಇದಕ್ಕಿಂತ ದೊಡ್ಡ ಜಾಗದಲ್ಲೂ ನಾನು ಬಾಯಿ ಬಿಡಲಿಲ್ಲ. ಆಗ ನನಗೆ ಅವಳ ಮಗಳ ವಿಷಯ ಪೂರ್ತಿ ಗೊತ್ತಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಹೇಳಿಕೊಂಡಿದ್ದೇನೆ ಕೂಡ.

ಮಾರನೆಯ ವಾರ ಇಬ್ಬರೂ ನೋಂದಣಿ ಕಚೇರಿಗೆ ಹೋದೆವು. ನಾಲ್ಕನೇ ಮಹಡಿ, ಮೂರು ಲಿಫ್ಟು, ಅದರಲ್ಲಿ ಓಡುವುದು ಒಂದು. ಗೋಡೆಗೆ ಜಡಿದ ಹಸಿರು ಕುರ್ಚಿಗಳು. ಟೋಕನ್ ಯಂತ್ರದ ಗುಂಡಿಯನ್ನು ಎಷ್ಟು ಒತ್ತಿದರೆ ಚೀಟಿ ಬರುತ್ತದೆ, ಯಾವ ಕೌಂಟರಿನ ಗುಮಾಸ್ತ ಊಟಕ್ಕೆ ಬೇಗ ಏಳುತ್ತಾನೆ, ಯಾವನು ಫೋಟೋದಲ್ಲಿ ಕಿವಿ ಕಾಣಬೇಕು ಎಂದು ಹಟ ಹಿಡಿಯುತ್ತಾನೆ, ಎಲ್ಲವನ್ನೂ ಅವಳು ಅರೆದು ಕುಡಿದಿದ್ದಳು. ಮೊದಲು ಅವಳು ಇಳಿದಳು. ಆಮೇಲೆ, ಅದೇ ದಿನ, ಅದೇ ಕೌಂಟರಿನಲ್ಲಿ, ಅದೇ ಸೀಲಿನ ಶಾಯಿಯಲ್ಲಿ ನಾನು ಹತ್ತಿದೆ.

ಇಳಿಯುವಾಗ ಅವಳು ಗುಮಾಸ್ತನನ್ನು ಕೇಳಿದ್ದಳು. "ಮತ್ತೆ ಬಂದರೆ ಹೆಸರು ಹತ್ತಿಸಬಹುದಲ್ವಾ?"

"ಯಾವಾಗ ಬೇಕಾದರೂ ಬರಬಹುದು," ಎಂದ ಅವನು.

ಅವನು ಸುಳ್ಳು ಹೇಳಲಿಲ್ಲ. ಈ ಇಡೀ ಕಥೆಯಲ್ಲಿ ಕಚೇರಿಯವರು ಯಾರೂ ಒಂದು ಸುಳ್ಳೂ ಹೇಳಿಲ್ಲ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟರು, ಕೇಳದೆ ಇದ್ದದ್ದನ್ನು ಹೇಳಲಿಲ್ಲ, ಅಷ್ಟೇ. ಬೇರೆ ಯಾವುದನ್ನು ಕೇಳಬೇಕಿತ್ತು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಹತ್ತುವ ಕೌಂಟರು, ತೆರಿಗೆ ನಂಬರಿನ ಕೌಂಟರು ಇವು ಅವಳ ಅಂಗೈ ಮೇಲಿನ ಗೆರೆಯಿದ್ದಂತೆ. ಆದರೆ ಐದು ವರ್ಷದ ಕೌಂಟರಿನವರೆಗೆ ನಮ್ಮಲ್ಲಿ ಯಾರೂ ಹೋಗಿರಲಿಲ್ಲ. ಅವಳೇ ಮೊದಲನೆಯವಳು.

ಹನ್ನೆರಡನೇ ದಿನ ನನ್ನ ನಂಬರ್ ಬಂತು. ಉದ್ದನೆಯ ಬಿಳಿ ಲಕೋಟೆ, ಒಳಗೆ ಹನ್ನೊಂದು ಅಂಕಿ. ಅರ್ಜಿಯಕ್ಕ ಅದನ್ನು ನನ್ನಿಂದ ಇಸಿದುಕೊಂಡು ಎರಡೆರಡು ಸಲ ಓದಿ, "ಇನ್ನು ನೀನು ಮನುಷ್ಯಳು," ಎಂದಳು. ಹತ್ತೊಂಬತ್ತನೇ ದಿನ ಅತ್ತಿಗೆ ನಾದಿನಿಯ ಜಗಳ ಮುಗಿಲು ಮುಟ್ಟಿ, ನಾದಿನಿ ಪೆಟ್ಟಿಗೆ ಕಟ್ಟಿಕೊಂಡು ಕಾರ್ಖಾನೆಯ ಹಾಸ್ಟೆಲಿಗೆ ಹೋದಳು. ಅಂಚೆಪೆಟ್ಟಿಗೆಯಲ್ಲಿ ಒಂದು ಚೀಟಿಯ ಜಾಗ ಖಾಲಿಯಾಯಿತು. ನಾನು ಇಳಿಯದೆಯೇ ಅರ್ಜಿಯಕ್ಕ ಅವತ್ತೇ ಮತ್ತೆ ಹತ್ತಿದಳು. ನಿನ್ನ ಕಾಲ್ಗುಣ ಚೆನ್ನಾಗಿದೆ ಎಂದು ನನ್ನ ತಲೆ ಸವರಿದಳು. ಆ ಸಂಜೆ ಎಲ್ಲರಿಗೂ ಅವಳ ಕೈಯಿಂದ ಸಕ್ಕರೆ ಮುಂದಾದ ಟೀ.

ಆ ಹತ್ತೊಂಬತ್ತು ದಿನವೂ ಅವಳು ಒಂದು ದಿನ ತಪ್ಪಿಸದೆ ಕೆಲಸಕ್ಕೆ ಬಂದಿದ್ದಳು. ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅವಳ ಎದುರು ನಿಂತಿದ್ದವಳು ನಾನೇ. ಇಸ್ತ್ರಿ ಯಂತ್ರದ ಬಿಸಿ ಉರುಳೆಯಿಂದ ಬೆಡ್‌ಶೀಟು ಹೊರಗೆ ಬರುತ್ತಿದ್ದಂತೆ ಇಬ್ಬರು ಎರಡೆರಡು ಮೂಲೆ ಹಿಡಿಯಬೇಕು. ಜಗ್ಗಬೇಕು. ಮಡಚಬೇಕು. ಮೂಲೆಗೆ ಮೂಲೆ ಸೇರಿಸುತ್ತ ಒಬ್ಬರತ್ತ ಒಬ್ಬರು ನಡೆದು ಬರಬೇಕು, ಅವಳ ಬೆರಳಿಂದ ನನ್ನ ಬೆರಳಿಗೆ ಬಟ್ಟೆ ದಾಟಬೇಕು, ಮತ್ತೆ ಹಿಂದೆ ಸರಿಯಬೇಕು. ದಿನಕ್ಕೆ ನಾನೂರು ಸಲ ಅವಳ ಮುಖ ನನ್ನ ಮುಖದ ಹತ್ತಿರ ಬಂದು ಹೋಗುತ್ತಿತ್ತು. ಮೊಣಕೈಯವರೆಗೂ ಅವಳಿಗೆ ಉರುಳೆ ತಾಗಿದ ಸುಟ್ಟ ಗುರುತುಗಳು. ಹತ್ತಿರ ಬಂದಾಗಲೆಲ್ಲ ಒಂದು ಮಾತು ಹೇಳುತ್ತಿದ್ದಳು, ಉಳಿದರ್ಧವನ್ನು ಮುಂದಿನ ಬೆಡ್‌ಶೀಟಿಗೆ ಹೇಳುತ್ತಿದ್ದಳು. ಮಗಳು ಬಂದರೆ ಯಾವ ಮಂಚ, ಯಾವ ಕಾಲೇಜು, ಮೊದಲ ದಿನವೇ ಯಾವ ಕೌಂಟರು, ಎಲ್ಲ ಹೀಗೆ ತುಂಡು ತುಂಡಾಗಿ ನನಗೆ ಗೊತ್ತಾಯಿತು.

ಹತ್ತು ತಿಂಗಳು ಕಳೆಯಿತು. ಕ್ಯಾಲೆಂಡರಿನ ಕೊನೆಯ ಗೆರೆ ಎಳೆದ ಮರುದಿನ ಅವಳು ಕಾಯಂ ಕಾರ್ಡಿನ ಅರ್ಜಿ ಹಿಡಿದು ಹೊರಟಳು. ಜೊತೆಗೆ ನಾನು. ಅವಳು ಎಲ್ಲರ ಜೊತೆ ಹೋದವಳು, ಅವಳ ಜೊತೆ ಒಬ್ಬರಾದರೂ ಬೇಡವೇ ಎಂದು ರಜೆ ಹಾಕಿದ್ದೆ. ಅದು ಬೇರೆ ಕಟ್ಟಡ. ಕುರ್ಚಿಗಳು ಮೆತ್ತಗಿದ್ದವು. ಅರ್ಜಿಯಲ್ಲಿ ಮಕ್ಕಳ ಹೆಸರಿಗೆ ನಾಲ್ಕು ಸಾಲು. ಮೊದಲ ಸಾಲಿನಲ್ಲಿ ಮಗಳ ಹೆಸರು ದುಂಡಗೆ ಬರೆದು, ಕೆಳಗಿನ ಮೂರಕ್ಕೆ ಗೆರೆ ಎಳೆದಿದ್ದಳು. ಹೊಸ ಸೀರೆ ಉಡಬೇಕೆಂದಿದ್ದವಳು ಚಳಿಗೆ ಹೆದರಿ ಕೋಟು ಹಾಕಿಕೊಂಡು ಬಂದಿದ್ದಳು.

ಕೌಂಟರಿನಲ್ಲಿ ಐವತ್ತರ ಹೆಂಗಸು, ಕನ್ನಡಕಕ್ಕೆ ಸರ. ಅರ್ಜಿ ನೋಡಿ, ಕಂಪ್ಯೂಟರ್ ನೋಡಿ, ಮತ್ತೆ ಅರ್ಜಿ ನೋಡಿದಳು.

"ನಿಮಗೆ ಇನ್ನೂ ಐದು ವರ್ಷ ಆಗಿಲ್ಲ," ಎಂದಳು. "ಹತ್ತು ತಿಂಗಳೂ ಆಗಿಲ್ಲ."

ಅರ್ಜಿಯಕ್ಕ ನಕ್ಕಳು. ಕೌಂಟರಿನವರ ತಪ್ಪುಗಳನ್ನು ನಗುತ್ತಲೇ ತಿದ್ದಿ ಅವಳಿಗೆ ಅಭ್ಯಾಸ. "ಇಲ್ಲ ಮೇಡಂ. ಐದು ವರ್ಷ ಒಂದು ದಿನ. ನೋಡಿ."

"ಹತ್ತು ತಿಂಗಳ ಹಿಂದೆ ನೀವು ದೇಶ ಬಿಟ್ಟಿದ್ದೀರಿ. ಹತ್ತೊಂಬತ್ತು ದಿನ ಆದ ಮೇಲೆ ಮತ್ತೆ ಬಂದಿದ್ದೀರಿ. ಬಂದ ದಿನದಿಂದ ಲೆಕ್ಕ ಹೊಸದಾಗಿ ಶುರು."

ನಗು ಅವಳ ಮುಖದಲ್ಲಿ ಹಾಗೇ ಸ್ವಲ್ಪ ಹೊತ್ತು ನಿಂತಿತ್ತು, ಇಳಿಯುವುದನ್ನು ಮರೆತ ಹಾಗೆ. "ಅದು ಬರೀ ಹತ್ತೊಂಬತ್ತು ದಿನ," ಎಂದಳು.

"ದಿನ ಮುಖ್ಯ ಅಲ್ಲ. ರಜೆಗೆ ಅಂತ ಆರು ತಿಂಗಳು ಊರಿಗೆ ಹೋಗಿದ್ದರೂ ತೊಂದರೆ ಇರಲಿಲ್ಲ. ನೀವು ವಾಸ ಮುಗಿಸಿದೆ ಅಂತ ಬರೆದುಕೊಟ್ಟಿದ್ದೀರಿ." ಆ ಹೆಂಗಸು ಕೆಟ್ಟವಳಲ್ಲ. ದನಿ ತಗ್ಗಿಸಿ ಮುಂದಕ್ಕೆ ಬಾಗಿ ಕೇಳಿದಳು. "ನಿಜವಾಗಿ ಹೋಗಿದ್ದಿರಾ? ಇಲ್ಲೇ ಇದ್ದಿದ್ದರೆ ಹೇಳಿ. ಪುರಾವೆ ಇದ್ದರೆ ದಾಖಲೆ ತಿದ್ದಬಹುದು. ಆದರೆ ಆ ಮನೆಯ ಇಡೀ ಫೈಲು ತೆಗೆದು ನೋಡಬೇಕಾಗುತ್ತದೆ. ನಿಮ್ಮ ಜಾಗಕ್ಕೆ ಅದೇ ದಿನ ಯಾರೋ ಬಂದಿದ್ದಾರೆ."

ಆ ಯಾರೋ ಅವಳ ಪಕ್ಕದಲ್ಲೇ ನಿಂತಿದ್ದಳು.

ಪುರಾವೆ ಚೀಲದಲ್ಲೇ ಇತ್ತು. ಐದು ವರ್ಷದ ಸಂಬಳದ ಚೀಟಿಗಳನ್ನು ಅವಳು ತಿಂಗಳುವಾರು ದಾರ ಹಾಕಿ ಕಟ್ಟಿ ತಂದಿದ್ದಳು. ಅವಳು ದೇಶದಲ್ಲೇ ಇಲ್ಲದ ಆ ತಿಂಗಳಿಗೂ ಅವಳ ಸಂಬಳದಿಂದ ತೆರಿಗೆ ಹಿಡಿದಿದ್ದರು. ತೆರಿಗೆಯವರ ಪುಸ್ತಕದಲ್ಲಿ ಅವಳು ಇದ್ದಳು, ವಾಸದವರ ಪುಸ್ತಕದಲ್ಲಿ ಇರಲಿಲ್ಲ. ಅವಳ ಕೈ ಚೀಲದೊಳಗೆ ಹೋದದ್ದನ್ನು ನೋಡಿದೆ. ಬೆರಳು ಆ ಕಟ್ಟನ್ನು ಮುಟ್ಟಿದ್ದನ್ನೂ ನೋಡಿದೆ. ಆ ಕಟ್ಟು ಹೊರಗೆ ಬಂದರೆ ನಾನು ಸುಳ್ಳು ಜಾಗದಲ್ಲಿ ಹತ್ತಿದವಳಾಗುತ್ತೇನೆ, ನನ್ನ ನಂಬರ್, ನನ್ನ ಕೆಲಸ, ನನ್ನ ವೀಸಾ ಒಂದರ ಹಿಂದೆ ಒಂದು ಹೋಗುತ್ತವೆ. ಆಯಾ, ಅತ್ತಿಗೆ, ಮುದುಕ ಮಾಲೀಕ, ಎಲ್ಲರೂ ಆ ಫೈಲಿನಲ್ಲಿದ್ದಾರೆ.

ಅವಳು ತಿರುಗಿ ನನ್ನನ್ನು ನೋಡಿದಳು. ಹೇಳು ಎಂದೋ, ಹೇಳಬೇಡ ಎಂದೋ ಅಲ್ಲ. ಸುಮ್ಮನೆ ನೋಡಿದಳು. "ಪರವಾಗಿಲ್ಲ ಅಕ್ಕ, ತೆಗೀರಿ," ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಗೋಡೆಯ ಮೇಲಿನ ಟೋಕನ್ ಬೋರ್ಡು ನೋಡಿದೆ. ಅಲ್ಲಿ ನಲವತ್ತೇಳು ಎಂದು ಕೆಂಪಗೆ ಉರಿಯುತ್ತಿತ್ತು. ಅದು ನಲವತ್ತೆಂಟು ಆಗುವವರೆಗೂ ಅದನ್ನೇ ನೋಡಿದೆ.

"ಹೋಗಿದ್ದೆ ಮೇಡಂ," ಎಂದಳು ಅರ್ಜಿಯಕ್ಕ.

ಚೀಲದಿಂದ ಕೈ ಖಾಲಿಯಾಗಿ ಹೊರಗೆ ಬಂತು.

ಲಿಫ್ಟಿನಲ್ಲಿ ಅವಳು ಒಂದೇ ಮಾತು ಹೇಳಿದಳು. "ಹೋಗಿದ್ದರೆ ಮಗಳನ್ನಾದ್ರೂ ನೋಡಿಕೊಂಡು ಬರ್ತಿದ್ದೆ."

ಮನೆಗೆ ಬಂದ ಮೇಲೆ ಪಾರ್ಲರ್‌ನವಳು ವಿಷಯ ಕೇಳಿ ಮೊದಲು ತನ್ನ ಬೆರಳು ಮಡಚಿ ಲೆಕ್ಕ ಹಾಕಿದಳು. "ಅಂದ್ರೆ ನಂದೂ ಎರಡು ಸಲ ಹೋಯ್ತಾ?" ಎಂದಳು. ಅವಳಿಗೆ ಕರೆಸಿಕೊಳ್ಳಲು ಹದಿನೆಂಟರೊಳಗಿನವರು ಯಾರೂ ಇರಲಿಲ್ಲ, ಅವಳ ದುಃಖ ಊಟದ ಹೊತ್ತಿಗೆ ಮುಗಿಯಿತು. ಆಮೇಲೆ ಅರ್ಜಿಯಕ್ಕನ ಮುಂದೆ ಕೂತು, "ನನ್ನ ಬಾಯಿಗಿಷ್ಟು ಮಣ್ಣು ಹಾಕ," ಎಂದು ಅತ್ತಳು. ಅವಳಿಗಾದರೂ ಅಳು ಬಂತು. ನಾನು ತಟ್ಟೆ ತೊಳೆದೆ.

ಭಾನುವಾರ ಫೋನಿನಲ್ಲಿ ಅರ್ಜಿಯಕ್ಕ ಮಗಳಿಗೆ ಎಲ್ಲ ಬಿಡಿಸಿ ಹೇಳಿದಳು. ಪುಸ್ತಕ, ಚೌಕ, ಇಳಿಯುವುದು, ಹತ್ತುವುದು. ನಾನು ಅದೇ ರೂಮಿನಲ್ಲಿ ಬಟ್ಟೆ ಮಡಚುತ್ತಿದ್ದೆ, ಹುಡುಗಿಯ ದನಿ ನನಗೂ ಕೇಳುತ್ತಿತ್ತು. ಹಿಂದೆ ಪಾತ್ರೆಯ ಸದ್ದಿರಲಿಲ್ಲ. ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಕೇಳುತ್ತಿದ್ದಳೋ ಏನೋ.

"ಅಮ್ಮ, ನೀನು ಹತ್ತೊಂಬತ್ತು ದಿನ ಆ ದೇಶ ಬಿಟ್ಟಿದ್ದೆ ಅಂತ ಬರೆದಿದೆಯಾ?"

"ಹೌದು ಪುಟ್ಟ, ಆದ್ರೆ ಅದು..."

"ಹಾಗಾದ್ರೆ ಎಲ್ಲಿಗೆ ಹೋಗಿದ್ದೆ? ಇಲ್ಲಿಗಂತೂ ಬರಲಿಲ್ಲ."

ಹುಡುಗಿ ಕುಹಕಕ್ಕೆ ಕೇಳಿದಳೋ, ನಿಜವಾಗಿ ಅರ್ಥವಾಗದೆ ಕೇಳಿದಳೋ, ನನಗೆ ಇವತ್ತಿಗೂ ತಿಳಿದಿಲ್ಲ. ಅರ್ಜಿಯಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು ಕೂತೇ ಇದ್ದಳು. ಅತ್ತ ಕಡೆಯಿಂದ "ಬಂದೆ ಅತ್ತೆ" ಎಂಬ ಮಾತು ಕೇಳಿಸಿತು, ಆಮೇಲೆ ಏನೂ ಇಲ್ಲ.

ಹದಿನೆಂಟು ತುಂಬಿ ಎರಡು ತಿಂಗಳಿಗೆ ಮದುವೆ ಮಾಡಿಬಿಟ್ಟರು. ಅದೇ ಗಂಡು. ಅರ್ಜಿಯಕ್ಕ ಆಗ ಊರಿಗೆ ಹೋದಳು, ಈ ಸಲ ನಿಜವಾಗಿ, ಹದಿನೈದು ದಿನ ರಜೆ ಹಾಕಿ, ಯಾವ ಚೌಕಕ್ಕೂ ಗುರುತು ಹಾಕದೆ. ಮದುವೆ ತಡೆಯಲು ಹೋದವಳು ಅಕ್ಷತೆ ಹಾಕಿ ಬಂದಳು. "ನಿಲ್ಲಿಸಿದ್ರೆ ಆಮೇಲೆ ನಾನೆಲ್ಲಿ ಇರಲಿ ಅಮ್ಮ, ನಿನ್ನ ಅರ್ಜಿಯೊಳಗಾ?" ಎಂದು ಮಗಳೇ ಕೇಳಿದಳಂತೆ. ಬಂದು ಮಾರನೇ ದಿನ ಬೆಡ್‌ಶೀಟಿನ ಎದುರು ತುದಿಯಲ್ಲಿ ನಿಂತಳು. ದಿನಕ್ಕೆ ನಾನೂರು ಸಲ ಅವಳ ಮುಖ ನನ್ನ ಹತ್ತಿರ ಬರುತ್ತಿತ್ತು, ಹೋಗುತ್ತಿತ್ತು. ಮಾತಿರಲಿಲ್ಲ. ಬೇರೆ ಉರುಳೆಗೆ ಹಾಕಿ ಎಂದು ಮೇಸ್ತ್ರಿಯನ್ನು ಕೇಳೋಣ ಎಂದು ಎಷ್ಟೋ ಸಲ ಅಂದುಕೊಂಡೆ. ಅವಳು ಕೇಳಲಿಲ್ಲ, ನನಗೂ ಕೇಳುವ ಮುಖವಿರಲಿಲ್ಲ.

ಅವಳು ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ, ನಿಮ್ಮನ್ನು ಯಾರು ಇಳಿ ಅಂದರು ಎಂದು ಕೇಳುತ್ತಿದ್ದೆ. ಆ ಅವಕಾಶವನ್ನೂ ಅವಳು ಕೊಡಲಿಲ್ಲ. ಹೊಸಬರನ್ನು ಕಚೇರಿಗೆ ಕರೆದೊಯ್ಯುವುದನ್ನೂ ಬಿಡಲಿಲ್ಲ. ಬಿಟ್ಟದ್ದು ಒಂದೇ. ಆ ಮನೆಯಲ್ಲಿ ಆಮೇಲೆ ಯಾರೂ ಇಳಿಯಲಿಲ್ಲ. ಯಾರಾದರೂ ಬಂದು ಕೈಮುಗಿದರೆ, "ಜಾಗ ಖಾಲಿ ಇರೋ ಮನೆ ಹುಡುಕಿಕೊಂಡು ಬಾರಮ್ಮ, ಉಳಿದದ್ದು ನಾನು ಮಾಡಿಸ್ತೀನಿ," ಎನ್ನುತ್ತಿದ್ದಳು. ಒಬ್ಬಳು ಹುಡುಗಿ ಹೀಗೆ ನಂಬರ್ ಸಿಗದೆ ವಾಪಸ್ ಹೋದಳು. ಹೋಗುವಾಗ ಅರ್ಜಿಯಕ್ಕನಿಗೆ ಕಲ್ಲು ಮನಸ್ಸು ಎಂದು ಮೆಟ್ಟಿಲ ಮೇಲೆ ನಿಂತು ಹೇಳಿಹೋದಳು. ನಾವೆಲ್ಲ ಒಳಗಿದ್ದು ಕೇಳಿಸಿಕೊಂಡೆವು.

ಕಳೆದ ತಿಂಗಳು ನನಗೆ ಐದು ವರ್ಷ ತುಂಬಿತು. ಅರ್ಜಿಯಕ್ಕ ತಾನಾಗಿಯೇ, "ಯಾವತ್ತು ಹೋಗೋಣ?" ಎಂದು ಕೇಳಿದಳು. ನಾನು ಒಬ್ಬಳೇ ಹೋಗುತ್ತೇನೆ ಎಂದೆ. "ನಿಂಗೇನು ಗೊತ್ತು ಅಲ್ಲಿ," ಎಂದು ತುಂಬಿದ ದಿನವೇ ಚೀಲ ಹೆಗಲಿಗೆ ಹಾಕಿಕೊಂಡಳು. ಮುಂಗೂದಲು ಪೂರ್ತಿ ಬೆಳ್ಳಗಾಗಿದೆ ಈಗ.

ಅದೇ ಮೆತ್ತನೆಯ ಕುರ್ಚಿಗಳು. ಕೌಂಟರಿನಲ್ಲಿ ಈ ಸಲ ಒಬ್ಬ ಹುಡುಗ ಮುಖದ ಗುಮಾಸ್ತ. ಕಂಪ್ಯೂಟರ್ ನೋಡಿ, "ಎಲ್ಲೂ ಒಂದು ದಿನವೂ ತಪ್ಪಿಲ್ಲ. ಇಷ್ಟು ಸ್ವಚ್ಛವಾದ ಫೈಲು ಅಪರೂಪ," ಎಂದ. ನನ್ನ ವಾಸ ಶುರುವಾದ ದಿನಾಂಕವನ್ನು ಗಟ್ಟಿಯಾಗಿ ಓದಿದ. ಅವಳು ದೇಶ ಬಿಟ್ಟ ದಿನಾಂಕ ಅದು. ಅರ್ಜಿಯಕ್ಕ ಮೈಯಲುಗಿಸದೆ ಕೇಳಿಸಿಕೊಂಡಳು.

"ಇದೊಂದು ಪುಟ ಖಾಲಿ ಬಿಟ್ಟಿದ್ದೀರಿ," ಎಂದು ಅವನು ಅರ್ಜಿಯನ್ನು ತಿರುಗಿಸಿ ನನ್ನ ಮುಂದಿಟ್ಟ. ಮಕ್ಕಳ ಹೆಸರಿಗೆ ನಾಲ್ಕು ಸಾಲು. ನನಗೆ ಯಾರಿದ್ದಾರೆ? ಮದುವೆಯಿಲ್ಲ, ಮಕ್ಕಳಿಲ್ಲ. ಅಮ್ಮ ಹೋಗಿ ಮೂರು ವರ್ಷ. ಅಣ್ಣನಿಗೆ ಅವನ ಸಂಸಾರ. ಯಾರ ಹೆಸರೂ ಬರೆಯಲಿಕ್ಕಿಲ್ಲದ ನನಗೆ ನಾಲ್ಕು ಸಾಲು ಕೊಟ್ಟಿದ್ದರು. ಅವಳು ಕೇಳಿದ್ದು ಒಂದು ಸಾಲು.

ಪೆನ್ನು ಹಿಡಿದು ಕೂತೆ. ಕೈ ಓಡಲಿಲ್ಲ. ನಾಲ್ಕು ವರ್ಷದಿಂದ ಗಂಟಲಲ್ಲಿದ್ದ ಮಾತು ಆಗ ಬಂತು. "ಅಕ್ಕ, ಆವತ್ತು ನಾನು ಹೇಳಬೇಕಿತ್ತು."

ಅವಳು ಚೀಲದಲ್ಲಿ ಏನೋ ಹುಡುಕುತ್ತಿದ್ದಳು. "ಹೌದು," ಎಂದಳು, ತಲೆ ಎತ್ತದೆ. "ಹೇಳಬೇಕಿತ್ತು."

ಆಮೇಲೆ ಸ್ಕೇಲು ತೆಗೆದು ನನ್ನ ಮುಂದಿಟ್ಟಳು. "ಖಾಲಿ ಬಿಡಬೇಡ. ಗೆರೆ ಎಳಿ."

ನಾಲ್ಕು ಸಾಲಿಗೂ ಗೆರೆ ಎಳೆದೆ. ಗುಮಾಸ್ತ ಸೀಲು ಹೊಡೆದ. ಎದ್ದು ಹೊರಟಾಗ ಸ್ಕೇಲು ನನ್ನ ಕೈಯಲ್ಲೇ ಉಳಿದಿತ್ತು.

"ಕೊಡು ಇಲ್ಲಿ," ಎಂದು ಅರ್ಜಿಯಕ್ಕ ಕೈ ಚಾಚಿದಳು. "ಇನ್ನು ಹತ್ತೊಂಬತ್ತು ದಿನಕ್ಕೆ ನಂಗೂ ಬೇಕು."